ಅಪ್‌ಡೇಟ್: ಕನ್ನಡದ ಎ.ಎ. ಮೀಟಿಂಗ್ ಸಿಕ್ಕಿತು

ಮೂರು ತಿಂಗಳ ಹಿಂದೆ ಕೇಳಿದ್ದೆ: ಬೆಂಗಳೂರಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ., ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು) ಮೀಟಿಂಗಿಗೆ ಹೋದೆ, ಎಲ್ಲ ಇಂಗ್ಲಿಷಲ್ಲೇ ಇತ್ತು, ನನಗೆ ಬಾಯೇ ಬರಲಿಲ್ಲ, ಬಿಟ್ಟುಬಿಡಲಾ ಅಂತ. ಒಂದೇ ನೋಡಿ ಬಿಡಬೇಡಿ, ಕನ್ನಡದ ಗುಂಪು ಹುಡುಕಿ ಅಂದಿರಿ. ನಿಮ್ಮ ಮಾತು ಕೇಳಿದ್ದು ಒಳ್ಳೆಯದಾಯ್ತು.

ಇನ್ನೂ ಮೂರು ಕಡೆ ಹೋದೆ. ಒಂದು ತುಂಬಾ ದೂರ, ಒಂದರ ಟೈಮು ನನ್ನ ಶಿಫ್ಟಿಗೆ ಹೊಂದಲಿಲ್ಲ. ಕೊನೆಯದು ಒಂದು ಶಾಲೆಯ ಸಣ್ಣ ಕೋಣೆ. ಮೊದಲ ದಿನ ನನ್ನ ಕೈ ನಡುಗುತ್ತಿತ್ತು. ಟೀ ಹಂಚುತ್ತಿದ್ದ ಹಿರಿಯರೊಬ್ಬರು ಅದನ್ನು ನೋಡಿ, ನನ್ನ ಲೋಟಕ್ಕೆ ಮಾತ್ರ ಅರ್ಧ ಹಾಕಿದರು. ಏನೂ ಕೇಳಲಿಲ್ಲ. ಆ ಅರ್ಧ ಲೋಟಕ್ಕೇ ನಾನು ಮತ್ತೆ ಹೋದೆ. ಕುಡಿಯದೆ ಇವತ್ತಿಗೆ 61 ದಿನ.

ಹುಡುಕುತ್ತಿರುವವರಿಗೆ: ಓಪನ್ ಮೀಟಿಂಗಿಗೆ ಮನೆಯವರೂ ಬರಬಹುದು. ಕ್ಲೋಸ್ಡ್ ಅಂದರೆ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. ಫೀಸು ಇಲ್ಲ. ಮನೆಯವರಿಗೆ ಅಂತಲೇ ಅಲ್-ಅನಾನ್ ಇದೆ, ನನ್ನ ಹೆಂಡತಿ ಅಲ್ಲಿಗೆ ಹೋಗುತ್ತಿದ್ದಾಳೆ. ದಿನಾ ಜಾಸ್ತಿ ಕುಡಿಯುವವರು ದಯವಿಟ್ಟು ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಮೊದಲು ಡಾಕ್ಟರನ್ನು ನೋಡಿ. ಬೆಂಗಳೂರಲ್ಲಿ ನಿಮ್ಹಾನ್ಸ್ ಆಸ್ಪತ್ರೆ ಇದೆಯಲ್ವಾ.

ಈ ಶನಿವಾರ ಟೀ ಹಂಚುವ ಸರದಿ ನನ್ನದು.