ವಾಕ್ಯದ ಪಕ್ಕದ ಬ್ರಾಕೆಟ್‌ನಲ್ಲಿ ಯಾರ ಹೆಸರು? ಲೈಬ್ರರಿ ಮೇಡಂಗೆ ಕೇಳಿ

ಪ್ರಶ್ನೆ (ಎಂ.ಎ. ವಿದ್ಯಾರ್ಥಿನಿ, ವಿರಾಜಪೇಟೆ):
ಮೇಡಂ, ಕೊಡವರ ಸುಗ್ಗಿ ಹಬ್ಬವಾದ ಪುತ್ತರಿಯ ಹಾಡುಗಳ ಬಗ್ಗೆ ಪೇಪರ್ ಬರೆಯುತ್ತಿದ್ದೇನೆ. ಆಧಾರಗಳನ್ನು ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿಯಲ್ಲೇ ಕೊಡಬೇಕಂತೆ. ಪ್ರತಿ ಪ್ಯಾರಾದ ಕೊನೆಗೆ ಲೇಖಕರ ಹೆಸರು, ವರ್ಷ ಬರೆದು ಒಂದು ಬ್ರಾಕೆಟ್ ಹಾಕಿದ್ದೆ. ಗೈಡ್ ‘ಇದು ಸಾಲದು’ ಎಂದು ವಾಪಸ್ ಕೊಟ್ಟರು. ಕೊನೆಯಲ್ಲಿ ಪುಸ್ತಕಗಳ ಪಟ್ಟಿ ಇದ್ದೇ ಇದೆ, ಅಲ್ವಾ? ಮತ್ತೆ ನಡುನಡುವೆ ಯಾಕೆ? ಇನ್ನೊಂದು, ನಡಿಕೇರಿಯಂಡ ಚಿಣ್ಣಪ್ಪ ಅವರ ಕೊಡವ ಜಾನಪದ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ಗೆ ನಡಿಕೇರಿಯಂಡ ಎಂದು ಹಾಕಬೇಕೋ ಚಿಣ್ಣಪ್ಪ ಎಂದೋ?

ಉತ್ತರ (ಕಾಲೇಜು ಗ್ರಂಥಪಾಲಕಿ, ಮಡಿಕೇರಿ):
ನೀವು ಏನೇನು ಓದಿದಿರಿ ಎಂಬುದನ್ನು ಪಟ್ಟಿ ಹೇಳುತ್ತದೆ. ಯಾವ ಮಾತು ಯಾರದು ಎಂಬುದನ್ನು ಹೇಳುವುದಿಲ್ಲ. ಒಂದು ಪ್ಯಾರಾದಲ್ಲಿ ಮೊದಲ ಮೂರು ವಾಕ್ಯ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ 1952ರ ಪುಸ್ತಕದ್ದು, ಆಮೇಲಿನ ಎರಡು ನೀವೇ ಊರಿನಲ್ಲಿ ನೋಡಿದ್ದು, ಉಳಿದದ್ದು ನಿಮ್ಮ ವಾದ ಎಂದುಕೊಳ್ಳಿ. ಕೊನೆಗೆ ಒಂದೇ ಬ್ರಾಕೆಟ್ ಹಾಕಿದರೆ ಎಲ್ಲವೂ ಶ್ರೀನಿವಾಸ್ ಖಾತೆಗೆ ಹೋಗುತ್ತದೆ. ನಿಮ್ಮ ಸ್ವಂತ ಮಾತನ್ನೂ ನೀವೇ ಬಿಟ್ಟುಕೊಟ್ಟಂತೆ.

ಅದಕ್ಕೇ ಹೆಸರನ್ನು ಮೊದಲಿಗೇ ತನ್ನಿ: ‘ಶ್ರೀನಿವಾಸ್ (1952) ಒಕ್ಕವನ್ನು ಕೊಡವ ಸಮಾಜದ ಬುನಾದಿಯಾಗಿ ನೋಡುತ್ತಾರೆ.’ (ಒಕ್ಕ ಎಂದರೆ ಕೊಡವರ ಮನೆತನ.) ಮುಂದಿನ ವಾಕ್ಯಕ್ಕೆ ‘ಅವರ ಪ್ರಕಾರ’ ಎಂದರೆ ಸಾಕು. ನಿಮ್ಮ ಮಾತು ಶುರುವಾಗುವ ಕಡೆ ‘ನಾನು ಕಂಡಂತೆ’ ಎಂದು ಗೆರೆ ಎಳೆಯಿರಿ. ಅವರ ವಾಕ್ಯವನ್ನೇ ಎತ್ತಿಕೊಂಡರೆ ಉದ್ಧರಣ ಚಿಹ್ನೆಯ ಜೊತೆ ಪುಟ ಸಂಖ್ಯೆಯೂ ಬೇಕು. 40 ಪದ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಚಿಹ್ನೆ ಬಿಟ್ಟು, ಒಳಗೆ ಸರಿಸಿ ಬೇರೆ ಪ್ಯಾರಾ ಮಾಡಿ. (ಈ 40 ಇಂಗ್ಲಿಷಿನ ಲೆಕ್ಕ. ಕನ್ನಡದಲ್ಲಿ 40 ಪದ ಎಂದರೆ ಇನ್ನೂ ಉದ್ದವಾದೀತು. ನಾನಾದರೆ 25ಕ್ಕೇ ಬೇರೆ ಮಾಡುತ್ತೇನೆ. ಗೈಡ್ ಒಪ್ಪಬೇಕು ಅಷ್ಟೇ.)

ಹೆಸರಿನ ವಿಷಯ. ಎಪಿಎ ಕೇಳುವುದು ಕುಟುಂಬದ ಹೆಸರನ್ನು. ಇಂಗ್ಲಿಷಿನಲ್ಲಿ ಅದು ಕೊನೆಗೆ ಬರುತ್ತದೆ, ಕೊಡವರಲ್ಲಿ ಮನೆ ಹೆಸರು ಮೊದಲೇ ಬರುತ್ತದೆ. ಹಾಗಾಗಿ ನಡಿಕೇರಿಯಂಡ ಎಂದು ಹಾಕುವುದೇ ನನಗೆ ಸರಿ ಕಾಣುತ್ತದೆ. ಕೊಡಗಿನಲ್ಲಿ ಚಿಣ್ಣಪ್ಪಂದಿರಿಗೆ ಬರವೇ? ಒಂದೇ ಒಕ್ಕದ ಇಬ್ಬರು ಲೇಖಕರು ಬಂದರೆ ಬ್ರಾಕೆಟ್‌ನಲ್ಲೇ ಇನಿಷಿಯಲ್ ಸೇರಿಸಿ. ‘ಚಿಣ್ಣಪ್ಪ’ ಎಂದು ಬರೆಯುವವರೂ ಇದ್ದಾರೆ, ಅದನ್ನು ಗೈಡ್ ಬಯಸಿದರೆ ಜಗಳ ಬೇಡ. ಆದರೆ ಬ್ರಾಕೆಟ್‌ನ ಹೆಸರು, ಪಟ್ಟಿಯ ಮೊದಲ ಪದ ಎರಡೂ ಒಂದೇ ಇರಲಿ.

ವರ್ಷವನ್ನೂ ನೋಡಿಕೊಳ್ಳಿ. ಪುಸ್ತಕ ಮೊದಲು ಬಂದದ್ದು 1924ರಲ್ಲಿ, ಇಂಗ್ಲಿಷ್ ಅನುವಾದ 2003ರಲ್ಲಿ. ಅನುವಾದ ಬಳಸಿದ್ದರೆ (ನಡಿಕೇರಿಯಂಡ, 1924/2003). ಸುಮ್ನೆ 2003 ಎಂದರೆ ಓದುವವರು ಈಚಿನ ಸಂಗ್ರಹ ಎಂದುಕೊಳ್ಳುತ್ತಾರೆ. ಅನುವಾದಕರ ಹೆಸರು ಪಟ್ಟಿಯಲ್ಲಿ ಬರುತ್ತದೆ, ಇಲ್ಲಿ ಬೇಡ.

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿ, ಪೊನ್ನಂಪೇಟೆ):
ನಾಲ್ಕು ಜನ ಸೇರಿ ಬರೆದ ಪೇಪರ್‌ಗೆ ಎಲ್ಲರ ಹೆಸರೂ ಬೇಕಾ ಮೇಡಂ? ಮತ್ತೆ, ರಿಕ್ಟರ್ ಅವರ 1870ರ ‘ಮ್ಯಾನ್ಯುವಲ್ ಆಫ್ ಕೂರ್ಗ್’ನ ಒಂದು ಮಾತನ್ನು ಬೇರೆ ಪುಸ್ತಕದಲ್ಲಿ ಓದಿದೆ. ನೇರವಾಗಿ ರಿಕ್ಟರ್ ಎಂದೇ ಹಾಕಬಹುದಾ?

ಉತ್ತರ:
ಎಪಿಎ 7ನೇ ಆವೃತ್ತಿಯಲ್ಲಿ ಮೂರು ಅಥವಾ ಹೆಚ್ಚು ಲೇಖಕರಿದ್ದರೆ ಮೊದಲ ಸಲವೇ ಮೊದಲ ಲೇಖಕರ ಹೆಸರು, ‘ಮತ್ತು ಇತರರು’, ವರ್ಷ. ಇಬ್ಬರಾದರೆ ಪ್ರತಿ ಸಲವೂ ಇಬ್ಬರ ಹೆಸರೂ ಬೇಕು.

ರಿಕ್ಟರ್ ವಿಷಯಕ್ಕೆ: ಹಾಕಬಾರದು. ನಿಮ್ಮ ಕೈಯಲ್ಲಿದ್ದದ್ದು ಆ ಬೇರೆ ಪುಸ್ತಕ. ರಿಕ್ಟರ್, 1870 ಎಂದು ಬರೆದು, ಇಂಥವರ ಪುಸ್ತಕದಲ್ಲಿ ಉಲ್ಲೇಖಿತ ಎಂದು ಅದೇ ಬ್ರಾಕೆಟ್‌ನಲ್ಲಿ ಸೇರಿಸಿ. ಪಟ್ಟಿಗೆ ಹೋಗುವುದು ಕೈಯಲ್ಲಿದ್ದ ಪುಸ್ತಕ ಮಾತ್ರ. ಆದರೆ ರಿಕ್ಟರ್ ಪುಸ್ತಕದ ಸ್ಕ್ಯಾನ್ ಪ್ರತಿ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅಷ್ಟು ಸುಲಭವಾಗಿ ಸಿಗುವುದನ್ನು ಓದದೆ ‘ಉಲ್ಲೇಖಿತ’ ಎಂದರೆ ಪರೀಕ್ಷಕರು ಹುಬ್ಬು ಏರಿಸುತ್ತಾರೆ. ಆ ವಾಕ್ಯದ ಹಿಂದಿನ ಮುಂದಿನ ಪುಟಗಳನ್ನಾದರೂ ಓದಿ.

ಪ್ರಶ್ನೆ (ಮೊದಲು ಕೇಳಿದ ವಿದ್ಯಾರ್ಥಿನಿ):
ನಮ್ಮ ಊರಿನ ಅಜ್ಜ ಒಬ್ಬರು ದುಡಿ (ಕೈಯಲ್ಲಿ ಹಿಡಿಯುವ ಸಣ್ಣ ವಾದ್ಯ) ಬಾರಿಸುತ್ತಾ ಹಾಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೇನೆ. ಅದಕ್ಕೆ?

ಉತ್ತರ:
ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಸಂಶೋಧನೆಗೆಂದೇ ನೀವು ಅವರನ್ನು ಭೇಟಿ ಮಾಡಿದ್ದರೆ ಅವರು ನಿಮ್ಮ ಮಾಹಿತಿದಾರರು, ಅವರ ಮಾತು ನಿಮ್ಮದೇ ದತ್ತಾಂಶ. ಅದಕ್ಕೆ ಬ್ರಾಕೆಟ್ ಬೇಡ. ಯಾರನ್ನು, ಎಲ್ಲಿ, ಯಾವಾಗ ಕೇಳಿದಿರಿ ಎಂದು ವಿಧಾನದ ಭಾಗದಲ್ಲಿ ಬರೆಯಿರಿ. ಹೆಸರು ಹಾಕಲು ಒಪ್ಪಿಗೆ ಪಡೆಯಿರಿ.

ಒಬ್ಬ ತಜ್ಞರು ಫೋನಿನಲ್ಲೋ ಪತ್ರದಲ್ಲೋ ಒಂದು ವಿಷಯ ತಿಳಿಸಿದ್ದರೆ ಮಾತ್ರ ಅದು ‘ವೈಯಕ್ತಿಕ ಸಂವಹನ’. ಹೆಸರು, ಆ ಪದ, ಪೂರ್ತಿ ದಿನಾಂಕ ಬ್ರಾಕೆಟ್‌ನಲ್ಲಿ ಬರಲಿ. ಪಟ್ಟಿಯಲ್ಲಿ ಅದು ಬರುವುದಿಲ್ಲ, ಏಕೆಂದರೆ ಓದುಗರು ಹುಡುಕಿಕೊಂಡು ಹೋಗಲು ಅಲ್ಲಿ ಏನೂ ಇಲ್ಲ.

ಪ್ರಶ್ನೆ (ಸೋಮವಾರಪೇಟೆಯಿಂದ):
ಬ್ರಾಕೆಟ್ ಹಾಕಿದರೆ ಕೃತಿಚೌರ್ಯ ಪತ್ತೆ ಮಾಡುವ ಸಾಫ್ಟ್‌ವೇರ್‌ನಲ್ಲಿ ಹೋಲಿಕೆಯ ಶೇಕಡಾ ಇಳಿಯುತ್ತದಾ?

ಉತ್ತರ:
ಬ್ರಾಕೆಟ್‌ನಿಂದಲೇ ಇಳಿಯುವುದಿಲ್ಲ. ಸಾಫ್ಟ್‌ವೇರ್ ಹೋಲುವ ಪದಗಳನ್ನು ಎಣಿಸುತ್ತದೆ ಅಷ್ಟೇ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮದಲ್ಲಿ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. ಶೇ. 10ರಿಂದ 40ರವರೆಗೆ ಇದ್ದರೆ ಪ್ರಬಂಧವನ್ನು ತಿದ್ದಿ, 6 ತಿಂಗಳು ಮೀರದ ಅವಧಿಯೊಳಗೆ ಮತ್ತೆ ಸಲ್ಲಿಸಬೇಕು. ಆಧಾರ ಕೊಟ್ಟು ಉದ್ಧರಿಸಿದ್ದು, ಕೊನೆಯ ಪಟ್ಟಿ ಇವೆಲ್ಲ ಲೆಕ್ಕಕ್ಕೆ ಬರಬಾರದು ಎಂದೂ ಅದರಲ್ಲಿದೆ. ಇನ್ನೊಬ್ಬರ ವಿಚಾರವನ್ನು ಪದ ಬದಲಿಸಿ ಹೆಸರಿಲ್ಲದೆ ಬರೆದರೆ ಸಾಫ್ಟ್‌ವೇರ್ ಸುಮ್ಮನಿರಬಹುದು. ಆದರೂ ಅದು ಕಳವೇ.

ಪ್ರಶ್ನೆ (ಇನ್ನೊಬ್ಬರು):
ಇಂಗ್ಲಿಷ್ ವಿಭಾಗದವರು ಬ್ರಾಕೆಟ್‌ನಲ್ಲಿ ವರ್ಷವೇ ಹಾಕುವುದಿಲ್ಲವಲ್ಲ?

ಉತ್ತರ:
ಅದು ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಶೈಲಿ. ಹೆಸರು, ಪುಟ ಸಂಖ್ಯೆ ಅಷ್ಟೇ, ನಡುವೆ ಅಲ್ಪವಿರಾಮವೂ ಇಲ್ಲ. ಒಂದೇ ಪೇಪರ್‌ನಲ್ಲಿ ಎರಡನ್ನೂ ಬೆರೆಸಬೇಡಿ.