ಅಣ್ಣನ ಮೇಲೆ ವಾರಂಟ್ ಉಂಟಂತೆ, ಯಾವ ಕೋರ್ಟು ಅಂತ ಹುಡುಕುವುದು ಹೇಗೆ? (ಕಾರ್ಕಳ ತಾಲೂಕು)

ಬಜಗೋಳಿ_ತಮ್ಮ

ಅಣ್ಣ ಇರುವುದು ಕುವೈತಿನಲ್ಲಿ. ನಾನು ಬೆಂಗಳೂರಲ್ಲಿ. ಊರಿನ ಹಳೇ ಮನೆಗೆ ಬೀಗ, ಪಕ್ಕದ ಮನೆಯವರು ಕೀ ಇಟ್ಟುಕೊಂಡು ಕಾಯಿ ತೆಗೆಸುತ್ತಾರೆ ಅಷ್ಟೆ. ಕಳೆದ ವಾರ ಅವರ ಫೋನ್ ಬಂತು: ಠಾಣೆಯಿಂದ ಒಬ್ಬರು ಬೈಕಲ್ಲಿ ಬಂದಿದ್ದರಂತೆ, ಅಣ್ಣನ ಹೆಸರು ಹೇಳಿ “ವಾರಂಟ್ ಉಂಟು, ಊರಿಗೆ ಬಂದರೆ ತಿಳಿಸಿ” ಅಂದರಂತೆ. ಕಾಗದ ಎಂತದ್ದೂ ಕೊಟ್ಟಿಲ್ಲ. ಯಾವ ಕೋರ್ಟು, ಎಂತ ಕೇಸು ಅಂತ ಪಾಪ ಅವರು ಕೇಳಲೂ ಇಲ್ಲ, ಹೆದರಿಬಿಟ್ಟಿದ್ದಾರೆ.

ಅಣ್ಣನಿಗೆ ನೆನಪಿರುವುದು ಇಷ್ಟು: 2018ರಲ್ಲಿ ದೋಸ್ತಿಯ ಟೆಂಪೋ ಸಾಲಕ್ಕೆ ಜಾಮೀನು ನಿಂತು ಒಂದು ಫೈನಾನ್ಸಿಗೆ ಸಹಿ ಹಾಕಿದ ಖಾಲಿ ಚೆಕ್ ಕೊಟ್ಟಿದ್ದ. ಆ ದೋಸ್ತಿ ಈಗ ಫೋನ್ ಎತ್ತುವುದಿಲ್ಲ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಉಡುಪಿ ಜಿಲ್ಲೆ, ಕಾರ್ಕಳ ಅಂತ ಕೊಟ್ಟು ಅಣ್ಣನ ಹೆಸರು ಹುಡುಕಿದೆ, ಏನೂ ಬರಲಿಲ್ಲ. ಮುಂದಿನ ತಿಂಗಳು ತಂಗಿಯ ಮದುವೆ. ಬಜ್ಪೆಯಲ್ಲಿ ಇಳಿಯುವಾಗಲೇ ಹಿಡಿದರೆ ಎಂತ ಮಾಡುದು? ವಾರಂಟ್ ಇರುವವರ ಪಟ್ಟಿ ಎಲ್ಲಿಯಾದರೂ ನೋಡಲು ಸಿಗ್ತದಾ?

ಪಡುಬಿದ್ರಿ77

ರಾಜ್ಯ ಪೊಲೀಸ್ ವೆಬ್‌ಸೈಟಲ್ಲಿ ಎಫ್‌ಐಆರ್ ಹುಡುಕುವ ಸೌಲಭ್ಯ ಉಂಟಲ್ಲ, ಅದರಲ್ಲಿ ನೋಡಿ. ಕೇಸ್ ಇದ್ದರೆ ಎಫ್‌ಐಆರ್ ಇರಲೇಬೇಕು.

ಹಳೇ_ಗುಮಾಸ್ತ

ಇರಲೇಬೇಕು ಅಂತಿಲ್ಲ ಮಾರಾಯ್ರೆ. ಚೆಕ್ ಬೌನ್ಸ್ ಕೇಸಿಗೆ ಎಫ್‌ಐಆರ್ ಇರುವುದಿಲ್ಲ. ಫೈನಾನ್ಸಿನವರು ನೇರ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಖಾಸಗಿ ದೂರು ಕೊಡುವುದು. ಪೊಲೀಸರು ಇದರಲ್ಲಿ ಸಮನ್ಸು, ವಾರಂಟು ಜಾರಿ ಮಾಡಲು ಬರುತ್ತಾರೆ, ಅಷ್ಟೇ ಅವರ ಪಾಲು.

ನಾನು ವಕೀಲರ ಆಫೀಸಿನಲ್ಲಿ ಗುಮಾಸ್ತನಾಗಿ ಕೂದಲು ಬೆಳ್ಳಗೆ ಮಾಡಿಕೊಂಡವ. ಮೊದಲು ಒಂದು ವಿಷಯ: ಸಾರ್ವಜನಿಕರು ತೆರೆದು ನೋಡುವ ವಾರಂಟ್ ಪಟ್ಟಿ ಅಂತ ನಮ್ಮಲ್ಲಿ ಇಲ್ಲ. ಹುಡುಕಬೇಕಾದ್ದು ಕೇಸನ್ನು. ಕೇಸು ಸಿಕ್ಕಿದರೆ ಅದರೊಳಗೆ ವಾರಂಟ್ ಸಿಗುತ್ತದೆ.

ಇನ್ನು ನಿಮಗೆ ಕಾರ್ಕಳದಲ್ಲಿ ಯಾಕೆ ಸಿಗಲಿಲ್ಲ. ಪೊಲೀಸರು ಮನೆಗೆ ಬಂದದ್ದು ವಿಳಾಸ ನೋಡಿಕೊಂಡು. ವಾರಂಟ್ ಮಂಗಳೂರಿನದ್ದಿರಲಿ ಬೆಂಗಳೂರಿನದ್ದಿರಲಿ, ಜಾರಿಗೆ ಬರುವುದು ಆರೋಪಿಯ ಊರಿನ ಠಾಣೆಗೇ. 2015ರ ತಿದ್ದುಪಡಿ ಆದ ಮೇಲೆ ಚೆಕ್ ಬೌನ್ಸ್ ಕೇಸು ಹಾಕುವುದು ಹಣ ಬರಬೇಕಾದವರ ಖಾತೆ ಯಾವ ಶಾಖೆಯಲ್ಲಿ ಉಂಟೋ ಆ ವ್ಯಾಪ್ತಿಯ ಕೋರ್ಟಿನಲ್ಲಿ. ಚೆಕ್ ಕೊಟ್ಟವ ಬಜಗೋಳಿಯವ ಅಂತ ಕೇಸು ಕಾರ್ಕಳಕ್ಕೆ ಬರುವುದಿಲ್ಲ. ಆದ್ದರಿಂದ ಫೈನಾನ್ಸಿನವರ ಖಾತೆ ಎಲ್ಲಿಯದ್ದು ಅಂತ ನೋಡಿ. ಅಣ್ಣನ ಹಳೇ ಪಾಸ್‌ಬುಕ್ಕಿನಲ್ಲಿ ಚೆಕ್ ವಾಪಸಾದ ತಾರೀಕು, ಬ್ಯಾಂಕು ಹಿಡಿದ ದಂಡ ಕಾಣುತ್ತದೆ. ಆ ತಾರೀಕೇ ನಿಮಗೆ ದಾರಿ. ಕೇಸು ಸಾಮಾನ್ಯ ಅದಾಗಿ ಎರಡು ಮೂರು ತಿಂಗಳೊಳಗೆ ಬಿದ್ದಿರುತ್ತದೆ. ಡಿಸೆಂಬರಿನಲ್ಲಿ ಚೆಕ್ ವಾಪಸಾಗಿದ್ದರೆ ಮುಂದಿನ ವರ್ಷವನ್ನೂ ಹಾಕಿ ನೋಡಿ. ಆ್ಯಪ್ ಕೇಳುವುದು ಕೇಸು ದಾಖಲಾದ ವರ್ಷ. ನೀವು 2018 ಅಂತ ಹಾಕಿರಬೇಕು, ಅಲ್ವ?

ಹೆಸರಿನದ್ದು ಇನ್ನೊಂದು ರಗಳೆ. ನಮ್ಮ ಕಡೆಯ ಹೆಸರು ಇಂಗ್ಲಿಷಿನಲ್ಲಿ ಬರೆಯುವವರ ಕೈಗೆ ಸಿಕ್ಕಿದರೆ ಮುಗಿಯಿತು. ಪೂಜಾರಿಗೆ ಕೊನೆಯಲ್ಲಿ ‘ವೈ’ ಹಾಕುವವರೂ ಇದ್ದಾರೆ, ‘ಐ’ ಹಾಕುವವರೂ ಇದ್ದಾರೆ. ಡಿಸೋಜ ಅಂತೂ ಚುಕ್ಕೆ ಒಮ್ಮೆ, ಜಾಗ ಬಿಟ್ಟು ಒಮ್ಮೆ, ಎರಡೂ ಇಲ್ಲದೆ ಒಮ್ಮೆ. ಸುಧಾಕರನಿಗೆ ‘ಎಚ್’ ಇರಬಹುದು, ಇಲ್ಲದಿರಬಹುದು. ಪೂರ್ತಿ ಹೆಸರು ಟೈಪ್ ಮಾಡಬೇಡಿ. ಕನಿಷ್ಠ ಮೂರು ಅಕ್ಷರ ಬೇಕು, ಅನುಮಾನ ಇಲ್ಲದ ಮೊದಲ ನಾಲ್ಕೈದು ಅಕ್ಷರ ಹಾಕಿ ಬಂದದ್ದನ್ನೆಲ್ಲ ಕಣ್ಣಲ್ಲಿ ಓದಿ. ಉದ್ದ ಪಟ್ಟಿ ಬರುತ್ತದೆ, ತಾಳ್ಮೆ ಬೇಕು. ಫೈನಾನ್ಸಿನ ಹೆಸರು ದೂರುದಾರರ ಜಾಗದಲ್ಲಿ ಕಂಡರೆ ಅಲ್ಲಿ ನಿಲ್ಲಿ. ಒಂದೊಂದು ಊರಿನ ಕೋರ್ಟ್ ಸಂಕೀರ್ಣವನ್ನು ಬೇರೆ ಬೇರೆ ಹುಡುಕಬೇಕು. ಉಡುಪಿ ಅಂತ ಹಾಕಿದರೆ ಕುಂದಾಪುರ, ಕಾರ್ಕಳದ್ದು ಬರುವುದಿಲ್ಲ.

‘ಪೆಂಡಿಂಗ್’ ಅಂತ ಮಾತ್ರ ಇಟ್ಟು ಹುಡುಕುವವರೇ ಜಾಸ್ತಿ. ‘ಬೋತ್’ ಇಡಿ. ಖಾಸಗಿ ದೂರು ಮೊದಲು ಪಿ.ಸಿ.ಆರ್. ನಂಬರಿನಲ್ಲಿ ದಾಖಲಾಗಿ, ಕೋರ್ಟು ಪರಿಗಣಿಸಿದ ಮೇಲೆ ಸಿ.ಸಿ. ನಂಬರ್ ಆಗುತ್ತದೆ. ಆಗ ಹಳೇ ಪಿ.ಸಿ.ಆರ್. ‘ಮುಗಿದಿದೆ’ ಅಂತ ತೋರಿಸುತ್ತದೆ, ಕೇಸು ಮುಗಿದಿರುವುದಿಲ್ಲ. ಆರೋಪಿ ವರ್ಷಗಟ್ಟಲೆ ಸಿಗದಿದ್ದರೆ ಸಿ.ಸಿ. ಮುಚ್ಚಿ ಎಲ್.ಪಿ.ಸಿ. (ಬಹುಕಾಲ ಬಾಕಿ ಬಿದ್ದ ಕೇಸುಗಳ) ರಿಜಿಸ್ಟರಿಗೆ ಹಾಕುವುದೂ ಉಂಟು. ಪೇಪರಿನಲ್ಲಿ ‘ಎಲ್‌ಪಿಸಿ ವಾರಂಟ್ ಆರೋಪಿ ಸೆರೆ’ ಅಂತ ಓದಿರಬೇಕಲ್ಲ, ಅದೇ ಬಾಬತ್ತು.

ಕೇಸು ಸಿಕ್ಕಿದ ಮೇಲೆ ಹಿಯರಿಂಗ್ ತಾರೀಕುಗಳ ಪಟ್ಟಿ ಉಂಟು, ಒಂದೊಂದನ್ನೂ ಒತ್ತಿ. ಆ ದಿನ ಕೋರ್ಟು ಬರೆದದ್ದು ಒಂದೆರಡು ಸಾಲು ಇರುತ್ತದೆ. ‘ಸಮನ್ಸ್ ನಾಟ್ ಸರ್ವ್ಡ್’, ಆಮೇಲೆ ‘ಬಿಡಬ್ಲ್ಯು’, ಆಮೇಲೆ ‘ಎನ್‌ಬಿಡಬ್ಲ್ಯು’. ಬಿಡಬ್ಲ್ಯು ಅಂದರೆ ಜಾಮೀನಿನ ವಾರಂಟ್, ಎನ್‌ಬಿಡಬ್ಲ್ಯು ಅಂದರೆ ಜಾಮೀನುರಹಿತ. 16 ಅಕ್ಷರದ ಸಿಎನ್‌ಆರ್ ನಂಬರ್ ಬರೆದಿಟ್ಟುಕೊಳ್ಳಿ, ಮತ್ತೆ ಹೆಸರಿನ ಸರ್ಕಸ್ಸು ಬೇಡ. ಆದರೆ ಆ ಪುಟ ನಂಬಿ ಟಿಕೆಟ್ ಮಾಡಬೇಡಿ. ಎಲ್ಲ ಕೋರ್ಟಿನಲ್ಲೂ ಅದೇ ದಿನ ಏರಿಸುವುದಿಲ್ಲ. ಆ ಊರಿನ ವಕೀಲರೊಬ್ಬರಿಗೆ ನಂಬರ್ ಕೊಟ್ಟು ಕಡತ ನೋಡಿಸಿ.

ವಕೀಲೆ_ಪುತ್ತೂರು

ಗುಮಾಸ್ತರು ಹೇಳಿದ್ದಕ್ಕೆ ಸೇರಿಸುತ್ತೇನೆ. ವಾರಂಟ್‌ಗೆ ‘ಅವಧಿ ಮುಗಿಯಿತು’ ಅಂತ ಇಲ್ಲ. ಜಾರಿ ಆಗಬೇಕು, ಇಲ್ಲ ಹೊರಡಿಸಿದ ಕೋರ್ಟೇ ರದ್ದು ಮಾಡಬೇಕು. ಹಿಂದಿನ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಕಲಂ 70, ಅದರ ಜಾಗಕ್ಕೆ ಬಂದ ಈಗಿನ ಬಿಎನ್‌ಎಸ್‌ಎಸ್ ಕಲಂ 72 ಹೇಳುವುದು ಅದನ್ನೇ. ಹಾಗಾಗಿ ‘ಹಳೇದು, ಬಿಡಿ’ ಅನ್ನುವವರ ಮಾತು ಕೇಳಬೇಡಿ.

ವಿಮಾನ ನಿಲ್ದಾಣದ್ದು ಬೇರೆ ಲೆಕ್ಕ. ವಲಸೆ ಕೌಂಟರಿನಲ್ಲಿ ತಡೆಯುವುದು ಲುಕ್‌ಔಟ್ ಸುತ್ತೋಲೆ ಇದ್ದರೆ. ಮ್ಯಾಜಿಸ್ಟ್ರೇಟರು ವಾರಂಟ್ ಹೊರಡಿಸಿದ ಮಾತ್ರಕ್ಕೆ ಅದು ತಾನಾಗಿ ಅಲ್ಲಿಗೆ ಹೋಗುವುದಿಲ್ಲ, ತನಿಖಾ ಸಂಸ್ಥೆ ಬೇರೆಯೇ ಕೋರಿಕೆ ಕಳಿಸಬೇಕು. ಚೆಕ್ ಕೇಸಿಗೆ ಅಷ್ಟು ದೂರ ಹೋಗುವುದು ಅಪರೂಪ. ಪಾಸ್‌ಪೋರ್ಟ್ ನವೀಕರಣ ಹತ್ತಿರ ಇದ್ದರೆ ಮಾತ್ರ ಜೋಪಾನ: ಪಾಸ್‌ಪೋರ್ಟ್ ಕಾಯ್ದೆಯ 6(2) ಪ್ರಕಾರ ವಾರಂಟ್ ಬಾಕಿ ಇರುವುದೂ ನಿರಾಕರಣೆಗೆ ಕಾರಣ.

ಚೆಕ್ ಬೌನ್ಸ್ ಮೂಲತಃ ಜಾಮೀನು ಸಿಗುವ ಅಪರಾಧ. ಅಣ್ಣ ತಾನಾಗಿ ವಕೀಲರ ಜೊತೆ ಹಾಜರಾಗಿ ವಾರಂಟ್ ರೀಕಾಲ್ ಅರ್ಜಿ ಕೊಟ್ಟು, ಗೈರಾದದ್ದಕ್ಕೆ ಕಾರಣ ಹೇಳಿದರೆ ಸಾಮಾನ್ಯವಾಗಿ ದಂಡವೋ ಖರ್ಚೋ ಹಾಕಿ ರದ್ದು ಮಾಡುತ್ತಾರೆ. ಸಮನ್ಸು ಬೀಗ ಹಾಕಿದ ಮನೆಗೆ ಹೋಗಿತ್ತು, ಆಗ ಕುವೈತಿನಲ್ಲಿದ್ದ ಅನ್ನುವುದಕ್ಕೆ ಪಾಸ್‌ಪೋರ್ಟಿನ ಸೀಲುಗಳೇ ಸಾಕ್ಷಿ. ಜೊತೆಗೆ ಜಾಮೀನುದಾರರೊಬ್ಬರು ಆರ್‌ಟಿಸಿ (ಜಮೀನಿನ ಪಹಣಿ), ಆಧಾರ್ ಹಿಡಿದು ಬರಬೇಕಾದೀತು.

ಇದನ್ನು ಓದುವ ಬೇರೆಯವರಿಗೆ: ವಕೀಲರ ಫೀಸು ಕಷ್ಟ ಅಂದರೆ ತಾಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಉಂಟು, 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಹೆಂಗಸರಿಗೆ ಆದಾಯದ ಮಿತಿ ಇಲ್ಲದೆ ವಕೀಲರನ್ನು ಕೊಡುತ್ತಾರೆ.

ಕೋಟದ_ಅಮ್ಮ

ನಮ್ಮ ಯಜಮಾನರಿಗೆ ವಾಟ್ಸ್‌ಆ್ಯಪಿನಲ್ಲಿ ಅಶೋಕ ಲಾಂಛನ ಹಾಕಿದ ‘ವಾರಂಟ್’ ಬಂದಿತ್ತು, ವಿಡಿಯೊ ಕಾಲ್‌ನಲ್ಲೇ ಇರಿ, ಹಣ ಹಾಕಿ ಅಂತ. ಅದು ನಿಜವಾ?

ಹಳೇ_ಗುಮಾಸ್ತ

ಶುದ್ಧ ಮೋಸ ಅಮ್ಮ. ವಾರಂಟ್‌ಗೆ ನ್ಯಾಯಾಧೀಶರ ಸಹಿ, ಕೋರ್ಟಿನ ಮೊಹರು ಬೇಕು, ಹಿಡಿದುಕೊಂಡು ಬರುವವರು ಪೊಲೀಸರು. ಹಣ ಕೇಳುವ ವಾರಂಟ್ ಪ್ರಪಂಚದಲ್ಲಿಲ್ಲ. ವಿಡಿಯೊದಲ್ಲಿ ಬಂಧಿಸುವ ಕಾನೂನೂ ಇಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ.

ಬಜಗೋಳಿ_ತಮ್ಮ

ಸಿಕ್ಕಿತು! ಪಾಸ್‌ಬುಕ್ ಪ್ರಕಾರ ಚೆಕ್ ವಾಪಸಾದದ್ದು 2019ರ ನವೆಂಬರ್. 2020 ಹಾಕಿ ಮಂಗಳೂರಿನಲ್ಲಿ ಹುಡುಕಿದೆ. ಅಣ್ಣನ ಹೆಸರಿಗೆ ಒಂದು ‘ಎ’ ಜಾಸ್ತಿ. ಪಿ.ಸಿ.ಆರ್. ಮುಗಿದಿದೆ ಅಂತ ತೋರಿಸಿತು, ಸಿ.ಸಿ. ಬಾಕಿ ಉಂಟು. ಕಳೆದ ವಾಯಿದೆಯಲ್ಲಿ ‘ಆರೋಪಿ ಗೈರು, ಎನ್‌ಬಿಡಬ್ಲ್ಯು ಮರುಹೊರಡಿಸಿ’ ಅಂತಲೇ ಬರೆದಿದೆ. ಮಂಗಳೂರಿನ ವಕೀಲರೊಬ್ಬರು ಕಡತ ನೋಡಿ ಹೌದು ಅಂದರು. ಈಗ ಅಣ್ಣನ ಪ್ರಶ್ನೆ: ಮದುವೆ ಮುಗಿಸಿಕೊಂಡೇ ಕೋರ್ಟಿಗೆ ಹೋದರೆ ಆಗದಾ? ಟಿಕೆಟ್ ಶುಕ್ರವಾರ ರಾತ್ರಿಯದ್ದು, ಮದುವೆ ಭಾನುವಾರ.

ಹಳೇ_ಗುಮಾಸ್ತ

ಮದುವೆ ಕಾಗದ ಊರಿಡೀ ಹಂಚಿದ ಮೇಲೆ ಠಾಣೆಗೆ ಮಾತ್ರ ಗೊತ್ತಿಲ್ಲದೆ ಇರುತ್ತದಾ? ಶನಿವಾರ ಹಿಡಿದರೂ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡಲೇಬೇಕು, ಆದರೆ ರಜೆಯ ದಿನ ನಿಮ್ಮ ವಕೀಲರು, ಜಾಮೀನುದಾರರು, ಆರ್‌ಟಿಸಿ ಎಲ್ಲ ಒಟ್ಟು ಸೇರಿಸುವುದು ಯಾರು? ಟಿಕೆಟ್ ಇನ್ನೂ ಮುಂಚಿನ ದಿನಕ್ಕೆ ಹಾಕಿ. ಮದುವೆಗೆ ಮುಂಚಿನ ಸೋಮವಾರ ಬಂದು ಇಳಿಯಲಿ, ಮಂಗಳವಾರ ಬೆಳಿಗ್ಗೆ ಕೋರ್ಟು ಕೂರುವ ಮೊದಲು ವಕೀಲರ ಜೊತೆ ಕೋರ್ಟ್ ಹಾಲ್‌ನಲ್ಲಿರಲಿ. ವಾಯಿದೆ ಇಲ್ಲದಿದ್ದರೂ ಕಡತ ಮುಂಚಿತವಾಗಿ ಕರೆಸುವ ಅರ್ಜಿ ವಕೀಲರು ಹಾಕುತ್ತಾರೆ. ರೀಕಾಲ್ ಆದ ಮೇಲೆ ಆದೇಶದ ಪ್ರಮಾಣಿತ ಪ್ರತಿ ತೆಗೆದು ಒಂದನ್ನು ನೀವೇ ಠಾಣೆಗೆ ಕೊಟ್ಟು, ಇನ್ನೊಂದಕ್ಕೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಕೋರ್ಟಿನಿಂದ ಠಾಣೆಗೆ ಕಾಗದ ಹೋಗಿ ಮುಟ್ಟುವಷ್ಟರಲ್ಲಿ ದಿಬ್ಬಣ ಹೊರಟಿರುತ್ತದೆ.