ಗೋಧಿ ಆಗದವರಿಗೆ ಸಬ್ಬಕ್ಕಿ ಪಾಯಸ ಬಡಿಸಬಹುದಾ?

ಸರಸ್ವತಿಪುರಂ ಸೊಸೆ: ಗೌರಿ ಹಬ್ಬಕ್ಕೆ ನಾದಿನಿ ಮಗಳು ಬರುತ್ತಿದ್ದಾಳೆ. ಅವಳಿಗೆ ಸೀಲಿಯಾಕ್ ಕಾಯಿಲೆ, ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನ್ ಒಂದು ಚೂರೂ ಆಗುವುದಿಲ್ಲ. ಸಬ್ಬಕ್ಕಿ ಪಾಯಸ ಮಾಡೋಣ ಅಂದರೆ ಅತ್ತೆ, "ಅದೂ ಗೋಧಿ ಥರದ್ದೇ ಅಲ್ವಾ?" ಅನ್ನುತ್ತಾರೆ. ಮಾವನಿಗೆ ಶುಗರ್ ಬೇರೆ. ಒಂದೇ ಪಾಯಸ ಎಲ್ಲರಿಗೂ ಆಗುತ್ತಾ?

ಮದ್ದೂರು ಮಂಜ: ಧೈರ್ಯವಾಗಿ ಮಾಡಿ. ನಮ್ಮಲ್ಲಿ ಸಿಗುವ ಸಬ್ಬಕ್ಕಿ ಮರಗೆಣಸಿನದು, ಹೆಚ್ಚಿನದು ಸೇಲಂ ಕಡೆಯಿಂದ ಬರುತ್ತದೆ. ಗೆಣಸು ಅರೆದು ಹಿಂಡಿದ ಹಾಲು ತಂಗಿದ ಮೇಲೆ ತಳದಲ್ಲಿ ಕೂರುವ ಹಿಟ್ಟನ್ನೇ ಕಾಳು ಮಾಡಿ ಒಣಗಿಸುತ್ತಾರೆ. ಗೋಧಿಗೂ ಅದಕ್ಕೂ ಸಂಬಂಧವೇ ಇಲ್ಲ. ಇದ್ದಿದ್ದರೆ ಏಕಾದಶಿಗೆ ತಿನ್ನುತ್ತಿದ್ದರಾ?

ಲ್ಯಾಬ್ ಅಕ್ಕ: ಮಂಜ, ಮೊದಲ ಮಾತು ಸರಿ. ಏಕಾದಶಿ ಲೆಕ್ಕ ಮಾತ್ರ ಬೇಡಪ್ಪ! ಅವತ್ತು ಅನ್ನ ಬಿಟ್ಟು ರವೆ ಉಪ್ಪಿಟ್ಟು ತಿನ್ನುವ ಮನೆ ಎಷ್ಟಿಲ್ಲ? ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ, ರವೆಯಲ್ಲಿ ಭರ್ತಿ ಇದೆ. ಉಪವಾಸ ನೋಡಿ ಸೀಲಿಯಾಕ್‌ನವರಿಗೆ ಬಡಿಸಿದರೆ ಕಥೆ ಮುಗಿಯಿತು.

ಸೊಸೆಯವರೇ, ಸಬ್ಬಕ್ಕಿಗಿಂತ ಅದರ ಜೊತೆಗಾರ ಯಾರು ಅಂತ ನೋಡಿ. ಮೈಸೂರಿನ ಮದುವೆ ಊಟದಲ್ಲಿ ಸಬ್ಬಕ್ಕಿ ಜೊತೆ ಶಾವಿಗೆ ಸೇರಿಸುವುದು ಮಾಮೂಲು. ಅಂಗಡಿ ಶಾವಿಗೆ ಬಹುಪಾಲು ಗೋಧಿಯದೇ. ಶಾವಿಗೆ ಹುರಿದ ಬಾಣಲೆಯಲ್ಲೇ ತುಪ್ಪ ಬಿಟ್ಟು ಗೋಡಂಬಿ ಹುರಿಯುತ್ತೇವೆ, ಅಲ್ವಾ? ಅಂಚಿಗೆ ಕಪ್ಪಾಗಿ ಅಂಟಿದ ಎಳೆ ಒಂದೆರಡು ಪಾಯಸಕ್ಕೆ ಬಂದೇ ಬರುತ್ತವೆ. ನಮ್ಮ ದೇಶದಲ್ಲಿ 'ಗ್ಲುಟೆನ್ ಫ್ರೀ' ಅಂತ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ದಾಟಬಾರದು. ಅಷ್ಟು ಸಣ್ಣ ಲೆಕ್ಕ ಇದು. ಬಾಣಲೆ, ಸೌಟು ಎರಡೂ ಬೇರೆ ಇಡಿ.

ದೇವರಾಜ ಮಾರ್ಕೆಟ್ ಗಿರಾಕಿ: ಸಬ್ಬಕ್ಕಿಯನ್ನೂ ಬಿಡಿಯಾಗಿ ತರಬೇಡಿ. ಎಷ್ಟೋ ಅಂಗಡಿಯಲ್ಲಿ ರವೆ ಮೂಟೆಯ ಪಕ್ಕದಲ್ಲೇ ಇರುತ್ತದೆ, ಎರಡಕ್ಕೂ ಒಂದೇ ಪಾವು. ಸೀಲ್ ಆದ ಪ್ಯಾಕೆಟ್ ತಗೊಂಡು ಲೇಬಲ್ ಓದಿ.

ಅತಿಯಾಯ್ತು ಅನ್ನುವವ: ನಮ್ಮಜ್ಜಿ ಇದೆಲ್ಲ ನೋಡುತ್ತಿದ್ದರಾ? ಸುಮ್ನೆ ಮಕ್ಕಳನ್ನು ಹೆದರಿಸುತ್ತೀರಿ. ಒಂದು ಎಳೆಯಿಂದ ಏನಾಗುತ್ತೆ?

ಲ್ಯಾಬ್ ಅಕ್ಕ: ನಿಮಗೆ ಏನೂ ಆಗುವುದಿಲ್ಲ. ಆ ಹುಡುಗಿಗೆ ಕರುಳಿನ ಒಳಪದರ ಕೆಡುತ್ತದೆ, ಹೊಟ್ಟೆ ನೋಯದಿದ್ದರೂ ಕೆಡಬಹುದು. ಇದು ಡಯಟ್ ಶೋಕಿ ಅಲ್ಲ.

ಮದ್ದೂರು ಮಂಜ: ಸರಿ, ಒಪ್ಪಿದೆ. ಮಾವನ ವಿಷಯಕ್ಕೆ ಬರೋಣ. ಸಕ್ಕರೆ ಬಿಟ್ಟು ನಮ್ಮ ಮಂಡ್ಯ ಬೆಲ್ಲ ಹಾಕಿ. ಆಲೆಮನೆ ಬೆಲ್ಲಕ್ಕೆ ಶುಗರ್ ಏರಲ್ಲ.

ನಿವೃತ್ತ ನರ್ಸ್: ಏರುತ್ತದೆ ಮಂಜ. ಊರಿನ ಅಭಿಮಾನ ಬೇರೆ, ರಕ್ತದ ಸಕ್ಕರೆ ಬೇರೆ. ಬೆಲ್ಲವೂ ಕಬ್ಬಿನ ಸಕ್ಕರೆಯೇ, ಬಣ್ಣ ಒಂದು ಜಾಸ್ತಿ. ಬೆಲ್ಲ ಬಿಟ್ಟರೂ ಸಬ್ಬಕ್ಕಿ ಬಿಡುವುದಿಲ್ಲ. 100 ಗ್ರಾಂ ಒಣ ಸಬ್ಬಕ್ಕಿಯಲ್ಲಿ 85 ಗ್ರಾಂಗಿಂತ ಹೆಚ್ಚು ಪಿಷ್ಟ. ನಾರು, ಪ್ರೋಟೀನ್ ಲೆಕ್ಕಕ್ಕೇ ಇಲ್ಲ. ಗೋಧಿ ಇಲ್ಲ ಅಂದ ಮಾತ್ರಕ್ಕೆ ಶುಗರ್‌ನವರಿಗೂ ಒಳ್ಳೆಯದು ಅಂತ ಜನ ಅಂದುಕೊಳ್ಳುತ್ತಾರೆ. ಈ ತಪ್ಪನ್ನು ವಾರ್ಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

ಹಾಲು ಬಿಟ್ಟವಳು: ಹಾಲು ಆಗದವರಿಗೂ ಒಂದು ದಾರಿ ಇದೆ. ಸಬ್ಬಕ್ಕಿ ನೆನೆಸಿ, ನೀರಿನಲ್ಲೇ ಬೇಯಿಸಿ. ಕಾಳಿನ ನಡುವಿನ ಬಿಳಿ ಚುಕ್ಕೆ ಹೋಗಿ ಗಾಜಿನಂತಾಗಬೇಕು. ಕರಗಿಸಿ ಸೋಸಿದ ಬೆಲ್ಲ ಹಾಕಿ, ಒಲೆ ಆರಿಸಿದ ಮೇಲೆ ಗಟ್ಟಿ ತೆಂಗಿನ ಹಾಲು ಬೆರೆಸಿ. ಹಸುವಿನ ಹಾಲು ಕುದಿಯುವಾಗ ಬೆಲ್ಲ ಬಿದ್ದರೆ ಒಡೆಯುತ್ತದೆ, ಇಲ್ಲಿ ಆ ಗೋಳೂ ಇಲ್ಲ. ಗೋಡಂಬಿ ಯಾರಿಗಾದರೂ ಅಲರ್ಜಿಯಾ ಅಂತ ಮಾತ್ರ ಕೇಳಿಕೊಳ್ಳಿ.

ಸರಸ್ವತಿಪುರಂ ಸೊಸೆ: ತೆಂಗಿನ ಹಾಲಿನದೇ ಮಾಡುತ್ತೇನೆ. ಶಾವಿಗೆ ಆ ದಿನ ಅಡುಗೆಮನೆಗೇ ಬೇಡ. ಮಾವನಿಗೆ ಅರ್ಧ ಲೋಟ ಕೊಡಲಾ?

ನಿವೃತ್ತ ನರ್ಸ್: ಅರ್ಧ ಲೋಟ ಜಾಸ್ತಿ. ಎರಡು ಚಮಚ ಸಾಕು, ಅದೂ ಊಟದ ಕೊನೆಗೆ, ಎಲೆಯ ಮೇಲೆ ಅಷ್ಟೇ ಅನ್ನ ಕಡಿಮೆ ಮಾಡಿ. ಹೋಳಿಗೆ ಇದ್ದರೆ ಎರಡರಲ್ಲಿ ಒಂದು.